ಹಾಡಿನ ನಡುವೆ ಬಿಟ್ಟ ಜಾಗ

ಆರ್‌ಪಿಸಿ ಲೇಔಟ್, ವಿಜಯನಗರ
9 ಫೆಬ್ರವರಿ 2025

ಪ್ರೀತಿಯ ಸುವರ್ಣಾ,

ಹೇಗಿದ್ದೀಯ ಎಂದು ಕೇಳಿಯೇ ಕಾಗದ ಶುರು ಮಾಡುವುದು ವಾಡಿಕೆ. ಆದರೆ ಉತ್ತರ ಹೇಳಲು ನಿನಗೆ ಕಷ್ಟವಾಗುವ ಪ್ರಶ್ನೆಯನ್ನೇ ಮೊದಲು ಕೇಳುವುದು ಬೇಡ ಅನ್ನಿಸಿತು. ಎಷ್ಟೋ ದಿನದಿಂದ ಬರೆಯಬೇಕು ಅಂದುಕೊಳ್ಳುತ್ತಿದ್ದೆ. ಅಮ್ಮನ ಮಂಡಿನೋವು, ಶಾಲೆಯಲ್ಲಿ ಪ್ರಿಪರೇಟರಿ ಪರೀಕ್ಷೆ, ಹೀಗೆ ನೆಪಗಳಿಗೇನೂ ಕೊರತೆ ಇರಲಿಲ್ಲ. ಕ್ಷಮಿಸು. ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಕೂತಲ್ಲೇ ನಿಮ್ಮ ಕೆಂಗೇರಿ ಬರುತ್ತದೆ. ಇಷ್ಟು ಹತ್ತಿರ ಇದ್ದುಕೊಂಡು ಕಾಗದ ಬರೀತಾಳಲ್ಲ ಇವಳು ಅಂತ ನೀನು ಹುಬ್ಬೇರಿಸಿದರೆ ಅದೂ ಸರಿಯೇ.

ಇದನ್ನು ನಿನ್ನ ಯಜಮಾನರು ಓದಿ ಹೇಳುತ್ತಾರೆ. ಅಮರೇಶ್, ದಯವಿಟ್ಟು ಏನನ್ನೂ ಬಿಡದೆ ಓದಿ, ನಿಮ್ಮನ್ನು ಬೈದಿರುವ ಭಾಗವನ್ನೂ.

ಸ್ಟ್ರೋಕ್ ಆದಮೇಲೆ ನಿನಗೆ ಎಲ್ಲ ಅರ್ಥವಾಗುತ್ತದೆ, ಮಾತು ಮಾತ್ರ ಹೊರಗೆ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಅಮರೇಶ್ ಫೋನಿನಲ್ಲಿ ತಿಳಿಸಿದ್ದರು. ಸ್ಪೀಚ್ ಥೆರಪಿಯವರು ಲೋಟ ತೋರಿಸಿ ಏನಿದು ಎಂದರೆ ಮುಖ ತಿರುಗಿಸುತ್ತೀಯಂತೆ. ಈಗೀಗ ಪ್ರಯತ್ನವನ್ನೇ ಬಿಟ್ಟಿದ್ದೀಯಂತೆ. "ಬಾಯಿ ತೆಗಿಯಾಕೂ ಒಲ್ಲಳಾಗ್ಯಾಳ್ರೀ ಅಕ್ಕಾರ. ಹಿಂಗ ಬಿಟ್ರ ಬರೋ ಮಾತೂ ಬರಂಗಿಲ್ಲ ಅಂತಾರ. ನೀವರ ಏನರ ಹೇಳ್ರಿ," ಎಂದರು. ನಿನಗೆ ಬುದ್ಧಿ ಹೇಳಲು ನಾನ್ಯಾರು? ಅಡುಗೆಮನೆಯಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ. ಹಾಡಬಹುದೇ ಎಂದು ಹೊಳೆದದ್ದು ಆಮೇಲೆ.

ನಮ್ಮ 'ಖಾಲಿ ಸೈಟ್' ಬ್ಯಾಂಡು ನೆನಪಾಯಿತು. ಬಸವೇಶ್ವರನಗರದ ನಾಲ್ಕು ಹುಡುಗರು, ಕನ್ನಡದಲ್ಲಿ ರಾಕ್! ರಾಕ್ ಎಂದರೆ ಇಂಗ್ಲಿಷೇ ಎಂದು ನಂಬಿದ್ದ ಕಾನ್ವೆಂಟ್ ಹುಡುಗಿ ನಾನು. ಬಾಗಲಕೋಟೆಯಿಂದ ಬಂದು ನಮ್ಮ ಕಾಲೇಜಿನ ಹಾಸ್ಟೆಲ್ ಸೇರಿದ್ದ ನೀನು ನನ್ನನ್ನು ಎಳೆದುಕೊಂಡು ಹೋಗಿ ಸ್ಟೇಜಿನ ಮುಂದೆ ನಿಲ್ಲಿಸಿದೆ. "ಬಾರೇ, ನಿಮ್ಮ ಇಂಗ್ಲಿಷ್ ಹಾಡು ಕಿವಿಗಷ್ಟ ಬಡೀತೈತಿ, ಇದು ಎದಿಗೆ ಬಡೀತೈತಿ ನೋಡು," ಅಂದೆ. ನಿಜವಾಗಿಯೂ ಬಡಿಯಿತು. ಬೇಸ್ ಗಿಟಾರಿನ ಮೊದಲ ಪೆಟ್ಟಿಗೆ ನನ್ನ ಪಕ್ಕೆಲುಬು ನಡುಗಿದ್ದು ಇವತ್ತಿಗೂ ನೆನಪಿದೆ.

ರಾಜಾಜಿನಗರದ ಮೈದಾನದಲ್ಲಿ ಆ ಸಂಜೆ ಕರೆಂಟು ಹೋಯಿತಲ್ಲ, ಅದನ್ನು ಅಮರೇಶರಿಗಾಗಿ ಹೇಳುತ್ತೇನೆ, ಅವರು ನೋಡಿಲ್ಲ. 'ಮೂರನೇ ಮಹಡಿ' ಹಾಡುತ್ತಿದ್ದರು. ಒಬ್ಬ ರಸ್ತೆಯಲ್ಲಿ ನಿಂತು, ಕತ್ತಲಾಗಿರುವ ಕಿಟಕಿಯೊಂದನ್ನು ನೋಡಿ ಕೂಗುವ ಹಾಡು. ಅವನು ಕೂಗುವ ಸಾಲು ಬರುವ ಹೊತ್ತಿಗೆ ಸರಿಯಾಗಿ ಮೈಕು, ಗಿಟಾರು, ದೀಪ ಎಲ್ಲ ಸತ್ತವು. ಗಾಬರಿಯಲ್ಲಿ ಡ್ರಮ್ಮಿನವನೂ ಕೈ ನಿಲ್ಲಿಸಿದ. ಆ ಕತ್ತಲಲ್ಲಿ ನನ್ನ ಕಿವಿಯ ಪಕ್ಕದಿಂದಲೇ ನೀನು ಹಾಡಿದೆ: "ಮೇಲೆ ಯಾರಿದ್ದೀರಿ, ಲೈಟ್ ಹಾಕ್ರಿ!" ಜನ ಮೊದಲು ನಕ್ಕರು. ಆಮೇಲೆ ಮೈದಾನಕ್ಕೆ ಮೈದಾನವೇ ಹಾಡಿತು. ಕರೆಂಟು ಬಂದಾಗ ಸ್ಟೇಜಿನ ಮೇಲಿದ್ದ ಹುಡುಗರು ನುಡಿಸುವುದನ್ನು ಮರೆತು ನಮ್ಮನ್ನೇ ನೋಡುತ್ತಿದ್ದರು.

ಅಲ್ಲಿಂದ ಮುಂದೆ ಪ್ರತಿ ಕಾರ್ಯಕ್ರಮದಲ್ಲೂ ಆ ಜಾಗ ಬಂದಾಗ ಅವರು ತಾವಾಗಿಯೇ ನಿಲ್ಲಿಸಿ ಹಿಂದೆ ಸರಿಯುತ್ತಿದ್ದರು. ಸಾಲು ಜನರದಾಯಿತು. ಕ್ಯಾಸೆಟ್ಟಿನಲ್ಲಿ ಆ ಬಿಡುವು ಇಲ್ಲ, ಕ್ಯಾಸೆಟ್ಟು ಮೊದಲೇ ಬಂದಿತ್ತು. ನನಗೆ ಈಗಲೂ ವಿಸ್ಮಯ ಏನು ಗೊತ್ತಾ? ಯಾರೂ ಕೈ ಎತ್ತಿ ಸನ್ನೆ ಮಾಡುತ್ತಿರಲಿಲ್ಲ. ಅಷ್ಟೂ ಜನ ಒಟ್ಟಿಗೆ ಉಸಿರು ಹಿಡಿದು, ಒಟ್ಟಿಗೇ ಬಿಡುತ್ತಿದ್ದರು. ದೇವರ ಮನೆಯಲ್ಲಿ ಕೂಡ ನಾನು ಅಷ್ಟು ಮೈಯೆಲ್ಲ ಕಿವಿಯಾಗಿ ನಿಂತವಳಲ್ಲ.

ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದ ಗಿರಿರಾಜ್ ಈಗ ನಾಯಂಡಹಳ್ಳಿಯಲ್ಲಿ ಗೋಡೌನ್ ಇಟ್ಟುಕೊಂಡು ಮದುವೆಗಳಿಗೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುತ್ತಾರೆ. ಹುಡುಕಿ ಫೋನ್ ಮಾಡಿ, ಆ ಹಾಡನ್ನು ನಿನಗಾಗಿ ರೆಕಾರ್ಡ್ ಮಾಡೋಣವೇ ಎಂದು ಕೇಳಿದೆ.

"ಮೇಡಂ, ಗಿಟಾರ್ ಮುಟ್ಟಿ ಯಾವ ಕಾಲ ಆಯ್ತೋ. ಬೆರಳು ತುಕ್ಕು ಹಿಡಿದಿದೆ," ಎಂದರು.

"ನನ್ನ ಗಂಟಲೂ ತುಕ್ಕು ಹಿಡಿದಿದೆ. ಜೋಡಿ ಸರಿಹೋಗುತ್ತೆ ಬಿಡಿ," ಎಂದೆ.

ಭಾನುವಾರ ಮಧ್ಯಾಹ್ನ, ಅಕ್ಕಪಕ್ಕದ ವರ್ಕ್‌ಶಾಪುಗಳು ಮುಚ್ಚಿದ್ದಾಗ ಹೋದೆ. ಸ್ಪೀಕರ್ ಡಬ್ಬಗಳ ನಡುವೆ ಮೈಕಿನ ಮುಂದೆ ನಿಂತಾಗ ನಾಚಿಕೆಯಾಯಿತು. ಶಾಲೆಯ ಪ್ರಾರ್ಥನೆಯಲ್ಲೂ ಹಿಂದಿನ ಸಾಲಿನಲ್ಲಿ ಬರೀ ತುಟಿ ಆಡಿಸಿದವಳು, ಈ ವಯಸ್ಸಿನಲ್ಲಿ ಇದೇನು? ಮೊದಲ ಸಲ ಬ್ಯಾಂಡಿನ ಹಾಡುಗಾರನ ಹಾಗೇ ಹಾಡಲು ಹೋದೆ. ಗಿರಿರಾಜ್ ಅರ್ಧಕ್ಕೇ ನಿಲ್ಲಿಸಿದರು. "ಅವನ ಥರ ಹಾಡಕ್ಕೆ ಅವನಿದ್ನಲ್ಲ ಮೇಡಂ. ನೀವು ರೋಡಲ್ಲಿ ನಿಂತು ಯಾರನ್ನಾದ್ರೂ ಕರೀರಿ, ಸಾಕು."

ನಿನ್ನನ್ನು ಕರೆದೆ.

ಆ ಜಾಗ ಬಂತು. ಗಿರಿರಾಜರ ಕೈ ತಂತಿಯಿಂದ ತಾನಾಗಿ ಮೇಲೆದ್ದಿತು, ನಾನು ಮೈಕಿನಿಂದ ಹಿಂದೆ ಸರಿದೆ. ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಖಾಲಿ ಗೋಡೌನಿನಲ್ಲಿ, ಜನ ಹಾಡಿ ಮುಗಿಸುವಷ್ಟು ಹೊತ್ತು ಸುಮ್ಮನೆ ಕಾದು, ಮತ್ತೆ ಶುರು ಮಾಡಿದೆವು. ಆ ಸಾಲನ್ನು ನಾನು ಹಾಡುವ ಪ್ರಶ್ನೆಯೇ ಇರಲಿಲ್ಲ.

ಅಮರೇಶ್, ಬೈಗುಳ ಈಗ. ನಾನು ವಾಟ್ಸಾಪಿನಲ್ಲಿ ಕಳಿಸಿದ ಹಾಡನ್ನು ಮೊದಲು ನೀವೊಬ್ಬರೇ ಕೇಳಿದಿರಿ. ನಡುವೆ ನಿಂತುಹೋಗುತ್ತದೆ ಎಂದು ಮೊಬೈಲ್ ಅಂಗಡಿಗೆ ಒಯ್ದು, ಖಾಲಿ ಜಾಗ ಕತ್ತರಿಸಿ ಜೋಡಿಸಿಕೊಂಡು ಬಂದಿರಿ! "ಪಾಪ, ಅಕ್ಕಾರ ರೆಕಾರ್ಡಿಂಗ್ ಕೆಟ್ಟೈತಿ ಅಂತ ನಾನ ರಿಪೇರಿ ಮಾಡಿಸಿದೆ," ಎಂದಿರಿ. ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಆದರೆ ನಿಮ್ಮ ತಪ್ಪೇನಿದೆ? ಆ ಮೈದಾನದಲ್ಲಿ ನಿಲ್ಲದವರಿಗೆ ಅದು ಕೆಟ್ಟಿರುವ ಹಾಗೇ ಕೇಳಿಸಬೇಕು.

ಸುವರ್ಣಾ, ರಿಪೇರಿಯಾದ ಹಾಡು ಕೇಳಿ ನೀನು ಫೋನನ್ನೇ ಮಂಚದಿಂದ ಕೆಳಗೆ ತಳ್ಳಿದೆಯಂತೆ. ಅಮರೇಶ್ ಹೆದರಿ ನನಗೆ ಫೋನ್ ಮಾಡಿದರು. "ಹಾಡು ಆಕಿಗೆ ಸೇರಲಿಲ್ರೀ ಅಕ್ಕಾರ. ನಡುವ ಬಾಯಿ ತಗದ್ಲು, ಅಷ್ಟರಾಗ ಅದೇನು ಸಿಟ್ಟು ಬಂತೋ..."

ಬಾಯಿ ತೆಗೆದಳು ಎಂಬ ಮಾತು ಕೇಳಿ ಕೂತಲ್ಲಿಂದ ಎದ್ದೆ. ಆ ಸಾಲು ಬರಬೇಕಾದ ಜಾಗವೇ ಅದು.

"ಅಮರೇಶ್, ನಾನು ಕಳಿಸಿದ್ನಲ್ಲ, ಅದನ್ನೇ ಅವಳ ಫೋನಲ್ಲಿ ಹಾಕಿ. ಹಾಡು ನಿಂತಾಗ ಏನೂ ಮುಟ್ಟಬೇಡಿ. ನಾನು ಲೈನಲ್ಲೇ ಇರ್ತೀನಿ," ಎಂದೆ.

ಬೇರೆ ಯಾರದೋ ಮನೆಯಿಂದ ಬಂದ ಹಾಗೆ ನನ್ನದೇ ದನಿ ಸಣ್ಣಗೆ ಕೇಳಿಸಿತು. ಆಮೇಲೆ ನಿಂತಿತು. ನಿನ್ನ ಕೋಣೆಯ ಫ್ಯಾನಿನ ಸದ್ದು ಬಂತು. ಅಷ್ಟೇ ಏನೋ ಅಂದುಕೊಂಡೆ. ಆಗ ನೀನು ಹಾಡಿದೆ. "ಮೇಲೆ ಯಾರಿದ್ದೀರಿ, ಲೈಟ್ ಹಾಕ್ರಿ." ಲೋಟ ಎನ್ನಲು ಬಾರದ ನಿನಗೆ ಇಡೀ ಸಾಲು ಬಂತು, ಒಂದಕ್ಷರ ತೊದಲದೆ, ತಾಳ ತಪ್ಪದೆ. ನಿನ್ನ ದನಿ ಮುಗಿಯುತ್ತಿದ್ದ ಹಾಗೇ ಗಿರಿರಾಜರ ಬೇಸ್ ಹಿಂದಿನಿಂದ ಬಂದು ಸೇರಿಕೊಂಡಿತು. ಮೊದಲೇ ರೆಕಾರ್ಡ್ ಆಗಿದ್ದ ಬೇಸ್ ಅದು. ನಿನಗಾಗಿಯೇ ಕಾದಿದ್ದು ಬಂದ ಹಾಗಿತ್ತು.

ಮಾತಿನ ಜಾಗ ಬೇರೆ, ಹಾಡಿನ ಜಾಗ ಬೇರೆ, ಮಿದುಳಿನಲ್ಲಿ ಹೀಗಾಗುವುದುಂಟು ಎಂದು ಥೆರಪಿಯವರು ವಿವರಿಸಿದರಂತೆ. ಒಪ್ಪುತ್ತೇನೆ. ಅಷ್ಟರಿಂದ ನನ್ನ ಬೆರಗೇನೂ ಕಡಿಮೆಯಾಗಿಲ್ಲ. ಅಮರೇಶ್ ಮಾತ್ರ, "ಇಷ್ಟು ವರ್ಷ ಈ ದನಿ ಎಲ್ಲಿಟ್ಟಿದ್ಳ್ರೀ ಈಕಿ?" ಎಂದು ನನ್ನನ್ನೇ ಕೇಳಿದರು. ಈಗ ಥೆರಪಿಯಲ್ಲಿ ಲೋಟವನ್ನೂ ರಾಗದಲ್ಲೇ ಹೇಳಿಸುತ್ತಿದ್ದಾರಂತೆ. ನೀನು ಬೈಯುತ್ತಿರುವ ಹಾಗೆ ಹಾಡುತ್ತೀಯಂತೆ. ಬೈಯಿ, ಬಿಡಬೇಡ.

ನಿನ್ನ ನಾಲಿಗೆಗೆ ಮಾತು ತಾನಾಗಿ ಬಂದು ಕೂರಲಿ. ತಡವಾದರೆ ಅಲ್ಲಿಯವರೆಗೆ ರಾಗ ನಿನ್ನ ಕೈ ಬಿಡದಿರಲಿ. ಅಮ್ಮನೂ ನಿನ್ನನ್ನು ನೆನೆಸಿಕೊಂಡು ದಿನಾ ದೀಪ ಹಚ್ಚುತ್ತಿದ್ದಾಳೆ.

ನಿನ್ನ
ರಮ್ಯ

ಮರೆತಿದ್ದು: ಮರೆತಿರಲಿಲ್ಲ, ಬರೆಯಲಾಗಲಿಲ್ಲ. ಅಮರೇಶ್, ಅವಳ ಪಕ್ಕ ಕೂತು ಓದಿ. ಸುವರ್ಣಾ, ಮೊದಲ ವಾರ ನಾನು ಆಸ್ಪತ್ರೆಗೆ ಬಂದಿದ್ದೆ. ಅಮರೇಶ್ ಔಷಧಿ ತರಲು ಕೆಳಗೆ ಹೋಗಿದ್ದರು. ನೀನು ನನ್ನನ್ನು ನೋಡಿದೆ. ನೋಡಿ, ಹೊದಿಕೆಯಿಂದ ತೋಳು ಹೊರಗೆ ತೆಗೆದು ನನ್ನ ಮುಂದೆ ಚಾಚಿದೆ. ನಾನು ರಕ್ತ ತೆಗೆಯಲು ಬಂದವಳು ಎಂದು ನೀನು ಅಂದುಕೊಂಡಿದ್ದೆ. ನಾನು ಕೈ ಹಿಡಿದುಕೊಂಡಾಗ ನೀನು ಸೂಜಿಗೆ ಹೆದರಿ ಕಣ್ಣು ಮುಚ್ಚಿ, ಮುಖ ಆಚೆ ತಿರುಗಿಸಿದೆ. ಆಮೇಲೆ ನನಗೆ ಬರಲಾಗಲಿಲ್ಲ. ನೀನು ಹಾಡಿದ ದಿನವೂ, ಹಾಡಿನಲ್ಲಿ ಕರೆದದ್ದು ಯಾರೆಂದು ನಿನಗೆ ಗೊತ್ತಿದೆಯಾ ಎಂದು ಅಮರೇಶರನ್ನು ಕೇಳಲು ಧೈರ್ಯವಾಗಲಿಲ್ಲ. ಬರುವ ಭಾನುವಾರ ಬರುತ್ತೇನೆ. ನೀನು ಮತ್ತೆ ತೋಳು ಚಾಚಿದರೂ ಸರಿ, ಹಿಡಿದುಕೊಂಡೇ ಕೂತಿರುತ್ತೇನೆ.