ನನ್ನ ಎದೆಗೆ ನಾನೇ ಬರೆದ ಚೀಟಿ

ಊರಿಗಾಂ,
೯-೯-೧೯೫೮, ಮಂಗಳವಾರ

ಪ್ರೀತಿಯ ರತ್ನಾ,

ಹೇಗಿದ್ದೀಯೆ? ಸೊಂಟನೋವು ಇಳಿಯಿತೇ? ನಿಮ್ಮಮ್ಮ ಕೊಡುವ ಬಾಣಂತಿ ಖಾರವನ್ನು ಮುಖ ಸಿಂಡರಿಸದೆ ತಿನ್ನು. ಡಾಕ್ಟರ ಹೆಂಡತಿಯೆಂದು ಅದಕ್ಕೆ ರಿಯಾಯಿತಿ ಇಲ್ಲ. ಮಗಳು ಹೇಗಿದ್ದಾಳೆ? ಎರಡೂವರೆ ತಿಂಗಳಿಗೆ ಮುಖ ನೋಡಿ ನಗಬೇಕು, ಶಬ್ದ ಬಂದ ಕಡೆ ಕಣ್ಣು ತಿರುಗಿಸಬೇಕು ಎಂದು ನನ್ನ ಪುಸ್ತಕ ಹೇಳುತ್ತದೆ. ಪುಸ್ತಕ ಬರೆದವನಿಗೆ ಗೊತ್ತಿರುವುದು ಹೆತ್ತ ಅಪ್ಪನಿಗೆ ಗೊತ್ತಿಲ್ಲ. ನಾನಂತೂ ಚಿನ್ನದ ಗಣಿಯ ಊರಿನಲ್ಲಿದ್ದೂ ರತ್ನವಿಲ್ಲದ ಬಡವ. ಅನ್ನವನ್ನು ನಾನೇ ಬೇಯಿಸಿಕೊಳ್ಳುತ್ತೇನೆ. ಕೆಲವು ದಿನ ಅನ್ನವೇ ನನ್ನನ್ನು ಬೇಯಿಸುತ್ತದೆ.

ನಿನ್ನ ಕಾಗದ ಬಂತು, ಮೂರು ಸಲ ಓದಿದೆ. ಈ ಭಾನುವಾರದೊಳಗೆ ನಾನು ನಿನ್ನ ತವರು ಬೂದಿಕೋಟೆಗೆ ಬರದಿದ್ದರೆ ಸೋಮವಾರ ಮಗುವನ್ನೆತ್ತಿಕೊಂಡು ನೀನೇ ಬಸ್ಸು ಹತ್ತುವುದಾಗಿ ಬರೆದಿದ್ದೀಯೆ. "ಎಣ್ಣು ಉಟ್ತು ಅಂತ ಮಕ ತಿರುಗಿಸ್ಕೊಂಡವ್ರೆ ಕಣೇ" ಎಂದು ನಿಮ್ಮಮ್ಮ ಅಡುಗೆಮನೆಯಲ್ಲಿ ಅಂದದ್ದನ್ನೂ ಬರೆದು, 'ನಾನು ನಂಬುವುದಿಲ್ಲ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೀಯೆ. ನಿಜವಾಗಿ ನಂಬದವಳಿಗೆ ಒಂದು ಗೆರೆ ಸಾಕಾಗುತ್ತಿತ್ತು. ಮಾವನವರೂ ದೂರು ಹೇಳಿರುತ್ತಾರೆ. ಹೋದ ವಾರ ತುಪ್ಪದ ಡಬ್ಬಿ ಹಿಡಿದು ಬಂದವರನ್ನು ಒಳಗೆ ಕರೆಯದೆ ಜಗಲಿಯಲ್ಲೇ ಕೂರಿಸಿದೆ. ನಾನು ಹೊಸ್ತಿಲ ಒಳಗೆ, ಬಾಯಿಗೆ ಕರವಸ್ತ್ರ. "ಏನ್ ಡಾಕ್ಟ್ರೇ, ನಾವು ಮಣ್ಣಿನ ಕಾಲೋರು ಅಂತಲಾ? ಕಾಲು ತೊಳ್ಕಂಡೇ ಬಂದಿವ್ನಿ" ಎಂದರು. ನಕ್ಕೆ. ನಗು ಕೆಮ್ಮಾಯಿತು, ಬಾಗಿಲನ್ನು ಅರ್ಧ ಮುಚ್ಚಿಕೊಂಡೆ. ಅವರು ಡಬ್ಬಿಯನ್ನು ಜಗಲಿಯ ಮೇಲಿಟ್ಟು, "ನಮ್ಮನೇಲಿ ಎಣ್ಮಕ್ಳು ಯಾರ್ಗೂ ಬಾರ ಅಲ್ಲ, ತಿಳ್ಕಳಿ" ಎಂದು ಎದ್ದು ಹೋದರು. ಅವರ ಬೆನ್ನು ನೋಡುತ್ತ ನಿಂತೆ. ಕೂಗಿ ಕರೆಯಲು ಉಸಿರೂ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಕಾರಣ ಹೇಳಬೇಕಾದರೆ ನನ್ನ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು. ದಿನಕ್ಕೆ ನಲವತ್ತು ಗಣಿ ಕೆಲಸಗಾರರ ಎದೆಯ ಎಕ್ಸ್‌ರೇ ನನ್ನ ಮೇಜಿಗೆ ಬರುತ್ತದೆ. (ನಲವತ್ತು ಎದೆ ನೋಡಿದರೂ ಎದೆಗಾರಿಕೆ ಮಾತ್ರ ಯಾವ ಫಿಲ್ಮಿನಲ್ಲೂ ಬಿದ್ದದ್ದಿಲ್ಲ.) ಫಿಲ್ಮಿನ ಮೇಲೆ ಅವರ ಹಿತ್ತಾಳೆ ಬಿಲ್ಲೆಯ ನಂಬರು ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಈ ಕಾನೂನು ಮಾಡಿದವನೇ ನಾನು. ಮೊದಲು ಹೆಸರಿತ್ತು, ಚಿಕ್ಕಮುನಿಯಪ್ಪ ಎಂದು ಕಂಡರೆ ಅವನ ಐದು ಮಕ್ಕಳು ಕಣ್ಣ ಮುಂದೆ ಸಾಲಾಗಿ ನಿಂತು, ನನ್ನ ಪೆನ್ನು 'ಇನ್ನಾರು ತಿಂಗಳು ನೋಡೋಣ' ಎಂದು ಬರೆದುಬಿಡುತ್ತಿತ್ತು. ಈಗ ನಂಬರಿಗೆ ಮಕ್ಕಳಿಲ್ಲ. ಎದೆ ಕೆಟ್ಟಿದ್ದರೆ ಕೆಲಸ ಬಿಡಿಸುವ ಚೀಟಿ ಬರೆಯುತ್ತೇನೆ. ನನ್ನ ರುಜು ಬಿದ್ದರೆ ಅವನು ಆಳಕ್ಕೆ ಇಳಿಯುವಂತಿಲ್ಲ.

ನೀನು ತವರಿಗೆ ಹೋಗಿ ಹದಿನೈದು ದಿನಕ್ಕೆ ನನಗೆ ಕೆಮ್ಮು ಹಿಡಿಯಿತು. ನೀನಿಲ್ಲದ ಮನೆಯಲ್ಲಿ ಕಾಫಿ ಹೆಚ್ಚಾಯಿತು, ಕಫವೂ ಹೆಚ್ಚಾಯಿತು. ಎರಡಕ್ಕೂ ಅಕ್ಷರದ ನಂಟಿದೆಯಲ್ಲ ಎಂದು ಸುಮ್ಮನಾದೆ. ಮೈ ಬಿಸಿಯಾದರೆ ಬಿಸಿಲು ಎಂದೆ. ಪ್ಯಾಂಟು ಸಡಿಲವಾದರೆ ಅಗಸನನ್ನು ಬೈದೆ. ಮೂರು ವಾರದ ಹಿಂದೆ ಎಕ್ಸ್‌ರೇ ಯಂತ್ರ ರಿಪೇರಿಯಾಗಿ ಬಂತು. ಅದನ್ನು ನಡೆಸುವ ಪೆರುಮಾಳ್, "ಟ್ರಯಲ್‌ಗೆ ಒಬ್ರು ಬೇಕು ಸಾರ್, ನೀವೇ ನಿಂತ್ಕಳಿ" ಎಂದ. ಶರ್ಟು ಬಿಚ್ಚಿ ನಿಂತೆ, ಆಮೇಲೆ ಮರೆತೇಬಿಟ್ಟೆ. ಅವನು ಯಾವುದೋ ಖಾಲಿ ನಂಬರು ಹಾಕಿದ್ದ. ಫಿಲ್ಮು ಮಿಕ್ಕವುಗಳ ಜೊತೆ ಸೇರಿಹೋಯಿತು.

ಮರುದಿನ ಅದನ್ನು ಬೆಳಕಿಗೆ ಹಿಡಿದೆ. ಎಡಗಡೆ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ಕುಳಿ. ಕೂಡಲೇ ಚೀಟಿ ಬರೆದೆ: 'ಕ್ಷಯ. ಇಂದೇ ಕೆಲಸ ಬಿಡಿಸಿ. ಸ್ಯಾನಟೋರಿಯಂಗೆ ಕಳಿಸಿ. ಮಕ್ಕಳ ಹತ್ತಿರ ಸೇರಿಸಬೇಡಿ.' ರುಜು ಹಾಕಿ ಒಣಗಿಸುತ್ತ, "ಯಾರಯ್ಯಾ ಈ ಪೆದ್ದ? ಇಷ್ಟು ದಿನ ಎಲ್ಲರ ಮೇಲೂ ಕೆಮ್ಮಿಕೊಂಡು ಓಡಾಡಿದ್ದಾನೆ. ಕರೆಸು, ನಾಲ್ಕು ಮಾತು ಬೈಯಬೇಕು" ಎಂದೆ. ಪೆರುಮಾಳ್ ರಿಜಿಸ್ಟರು ತಿರುವಿದ. ಬಹಳ ಹೊತ್ತು ತಿರುವಿದ. ಆಮೇಲೆ, "ಅವ್ರು ಇಲ್ಲೇ ಅವ್ರೆ ಸಾರ್. ಬೈಯ್ರಿ" ಎಂದ.

ಕಫದ ಪರೀಕ್ಷೆಯೂ ಅದನ್ನೇ ಹೇಳಿತು. ಇನ್ನೂ ತಮಾಷೆ ಕೇಳು. ಎದೆಯ ಚೀಟಿಗೆ ರುಜು ಹಾಕುವ ಇನ್ನೊಬ್ಬ ಡಾಕ್ಟರು ಓದಲು ವಿಲಾಯಿತಿಗೆ ಹೋಗಿದ್ದಾರೆ (ಮಗಳು ಹುಟ್ಟಿದಾಗಲೂ ನನಗೆ ರಜೆ ಸಿಗದಿದ್ದುದು ಅದಕ್ಕೇ), ಬರುವುದು ದೀಪಾವಳಿಗೆ. ನಾನು ಎದ್ದುಹೋದರೆ ಫಿಲ್ಮುಗಳು ರಾಶಿ ಬೀಳುತ್ತವೆ, ಕೆಮ್ಮುವವರು ಕೆಮ್ಮುತ್ತಲೇ ಆಳಕ್ಕೆ ಇಳಿಯುತ್ತಾರೆ. ಬಿಡಿಸಬೇಕಾದವನೂ ಬಿಡಬೇಕಾದವನೂ ಒಬ್ಬನೇ ಆದರೆ ಅದು ರಜೆಯಲ್ಲ, ಸಜೆ. ಚೀಟಿ ಕೋಟಿನ ಜೇಬಿನಲ್ಲೇ ಇದೆ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಿಟಕಿ ತೆರೆದು, ಯಾರನ್ನೂ ಹತ್ತಿರ ಬಿಡದೆ ಫಿಲ್ಮು ಓದುತ್ತೇನೆ. ಸೂಜಿಯನ್ನು ನನಗೆ ನಾನೇ ಚುಚ್ಚಿಕೊಳ್ಳುತ್ತೇನೆ. ಇಷ್ಟು ಒರಟು ಕೈಯ ಡಾಕ್ಟರನ್ನು ನಾನು ಕಂಡಿಲ್ಲ. ಗಣಿಯವರಿಗೆ ಇಳಿಯಲೂ ಏರಲೂ ಒಂದು ಪಂಜರವಿದೆ, ಪಾಳಿ ಮುಗಿದರೆ ಗಂಟೆ ಹೊಡೆದು ಮೇಲೆ ಎಳೆಯುತ್ತಾರೆ. ನನ್ನದು ಬರೀ ಪಂಜರ.

ಇದಕ್ಕೇ ನಾನು ಬರಲಿಲ್ಲ. ಹೆಣ್ಣೆಂದು ಮುಖ ತಿರುಗಿಸಲಿಲ್ಲ, ರತ್ನಾ. ನನ್ನ ಉಸಿರು ಅವಳ ಕಡೆ ತಿರುಗದಿರಲೆಂದು ತಿರುಗಿಸಿದೆ. ದೀಪಾವಳಿಯವರೆಗೆ ಹೇಗೋ ತಳ್ಳುತ್ತೇನೆ. ಸೋಮವಾರ ಬಸ್ಸು ಹತ್ತಬೇಡ. ಅಳಿಯ ಕೆಟ್ಟವನೆಂದು ಮನೆಯವರು ಇನ್ನೆರಡು ತಿಂಗಳು ಅಂದುಕೊಳ್ಳಲಿ. ಆ ಕಾಯಿಲೆಗೆ ಔಷಧಿ ಉಂಟು.

ಮಗಳಿಗೆ ನೂರು ವರ್ಷ ತುಂಬಲಿ, ಅದರಲ್ಲಿ ಒಂದು ದಿನವೂ ಡಾಕ್ಟರ ಮುಖ ನೋಡದಿರಲಿ, ಅಪ್ಪನ ಮುಖವೊಂದು ಬಿಟ್ಟು. ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ಮುಟ್ಟಿಸು. ತುಪ್ಪ ಬಹಳ ಚೆನ್ನಾಗಿದೆಯೆಂದು ಹೇಳು.

ನಿನ್ನವನೇ ಆದ
ಆದಿನಾರಾಯಣ

ಮತ್ತೆ: ಬುಧವಾರ ಬೆಳಿಗ್ಗೆ, ಟಪಾಲಿಗೆ ಹಾಕುವ ಮುಂಚೆ. ಇವತ್ತು ಪೆರುಮಾಳ್ ಯಂತ್ರ ಹಾಕಲಿಲ್ಲ. ಎಕ್ಸ್‌ರೇ ಕೋಣೆಗೆ ಬೀಗ ಜಡಿದು ಬಾಗಿಲಲ್ಲಿ ಕೂತಿದ್ದ. ವರಾಂಡದಲ್ಲಿ ನಲವತ್ತು ಜನ. "ಎಲ್ರಿಗೂ ಹೇಳ್ಬಿಟ್ಟೆ ಸಾರ್. ನೀವು ಹೋಗೋ ತನಕ ಯಾರ್ದೂ ತೆಗೆಯಲ್ಲ. ಬೇಕಾದ್ರೆ ನನ್ನ ಕೆಲ್ಸದಿಂದ ತೆಗೀರಿ" ಎಂದ. ಯಾರೂ ನನ್ನ ಮುಖ ನೋಡಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಚೀಟಿಯನ್ನು ಒಯ್ದು ಆಸ್ಪತ್ರೆಯ ಸೂಪರಿಂಟೆಂಡೆಂಟರ ಮೇಜಿನ ಮೇಲಿಟ್ಟೆ. ದೀಪಾವಳಿಯವರೆಗೆ ಫಿಲ್ಮುಗಳನ್ನು ಬೆಂಗಳೂರಿಗೆ ಕಳಿಸಿ ಓದಿಸುತ್ತಾರಂತೆ. ನಾನಿಲ್ಲದೆ ನಡೆಯದೆಂದು ಮೂರು ವಾರ ಹೊತ್ತದ್ದು ಹತ್ತು ನಿಮಿಷದಲ್ಲಿ ನಡೆದುಹೋಯಿತು. ಸ್ವಲ್ಪ ಅವಮಾನವೇ ಆಯಿತು.

ಭಾನುವಾರ ಬೆಳಿಗ್ಗೆ ಮದನಪಲ್ಲಿ ಕಡೆಯ ಸ್ಯಾನಟೋರಿಯಂಗೆ ಹೊರಡುತ್ತೇನೆ. ಬಂಗಾರಪೇಟೆಯಲ್ಲಿ ರೈಲು ಬದಲಿಸಲು ಒಂದು ಗಂಟೆ ಇರುತ್ತದೆ. ಮಾವನವರನ್ನು ಕರೆದುಕೊಂಡು ಬಾ. ನೀನು ಎದುರು ಪ್ಲಾಟ್‌ಫಾರಮ್ಮಿನಲ್ಲಿ ನಿಲ್ಲು. ಮಗುವಿನ ಕುಲಾವಿ ತೆಗೆದು ಮುಖ ಕಾಣುವ ಹಾಗೆ ಎತ್ತಿ ಹಿಡಿ. ಹಳಿ ದಾಟಬೇಡ. ನಾನು ಕರೆದರೂ ದಾಟಬೇಡ.