ಸೋಮವಾರದ ಸಹಿ

ಅಂಗಡಿಯಿಂದ,
ಶುಕ್ರವಾರ ಮಧ್ಯಾಹ್ನ

ರೀ,

ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದು ಕೂತಿದ್ದೀರಿ, ಅದಕ್ಕೇ ಈ ಕಾಗದ. ನಿಮ್ಮ ಅಕ್ಕನ ಮನೆಯಲ್ಲಿ ಊಟ ನಿದ್ದೆಗೆ ಕೊರತೆಯಿಲ್ಲವೆಂದು ಗೊತ್ತು. ನನಗೆ ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದು ಸಾಕುಸಾಕಾಗಿದೆ.

ನಮ್ಮ ಹಣೆಬರಹ ನೋಡಿ, ಒಂದೇ ಕಟ್ಟಡದಲ್ಲಿ ಎರಡು ಕೇಸು. ಕೆಳಗಡೆ ನಮ್ಮ ವಿಚ್ಛೇದನ. ಮಹಡಿಯ ಮೇಲೆ, ಮೊಣಕೈಯ ಸಣ್ಣ ಗಂಟು ತೆಗೆಯಲು ಹೋಗಿ ನಿಮ್ಮ ನರವನ್ನೇ ಕತ್ತರಿಸಿದ ಡಾಕ್ಟರ ಮೇಲಿನ ಕೇಸು. ಈ ಮನುಷ್ಯನ ಜೊತೆ ಬಾಳಲಾಗದು ಎಂದು ಕೆಳಗೆ ಬರೆದುಕೊಟ್ಟವಳೂ ನಾನೇ, ಇವರ ಒಡನಾಟ ಕಳೆದುಕೊಂಡೆ, ಪರಿಹಾರ ಕೊಡಿಸಿ ಎಂದು ಮೇಲೆ ಕೇಳಿದವಳೂ ನಾನೇ. ನಡುವಿನ ಮೆಟ್ಟಿಲ ಮೇಲೆ ಯಾವ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ.

ಎರಡೂ ಕಡೆ ಕಾನೂನು ಈಚೆಗೆ ಬದಲಾಗಿದೆಯೆಂದು ನಮ್ಮ ವಕೀಲರು ಬಿಡಿಸಿ ಹೇಳಿದರು. ಮೊದಲು ವಿಚ್ಛೇದನಕ್ಕೆ ತಿಂಗಳುಗಟ್ಟಲೆ ಕಾಯಿಸುತ್ತಿದ್ದರು. ಈಗ ಇಬ್ಬರೂ ಒಪ್ಪಿ ಬಂದು ಸಹಿ ಹಾಕಿದರೆ ಅಂದೇ ಮುಗಿಯಿತು. ಡಾಕ್ಟರ ತಪ್ಪಿಗೆ ರೋಗಿಯ ಹೆಂಡತಿಯೂ ಪರಿಹಾರ ಕೇಳಬಹುದಂತೆ, ಆದರೆ ತೀರ್ಪಿನ ದಿನ ಆಕೆ ಹೆಂಡತಿಯಾಗಿಯೇ ಇರಬೇಕು. ಹಾಗಾಗಿ ಸೋಮವಾರಕ್ಕೆ ಗೊತ್ತು ಮಾಡಿರುವ ವಿಚ್ಛೇದನದ ಸಹಿ ಬೇಡ. ಇದು ಕೇಸಿಗಾಗಿ ಹೇಳುತ್ತಿರುವ ಮಾತು, ಬೇರೆ ಅರ್ಥ ಕಲ್ಪಿಸಿಕೊಂಡು ಮೀಸೆ ತಿರುವಬೇಡಿ.

ಹೋದ ತಿಂಗಳು ಸಾಕ್ಷಿ ಹೇಳಲು ನಿಂತಾಗ ಆಸ್ಪತ್ರೆಯ ವಕೀಲ ನನ್ನ ವಿಚ್ಛೇದನದ ಅರ್ಜಿಯನ್ನೇ ಎತ್ತಿ ತೋರಿಸಿದ. ಆಪರೇಷನ್ನಿಗೆ ಮುಂಚೇನೇ ಗಂಡ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಂತ ನೀವೇ ಬರೆದಿದ್ದೀರಲ್ಲಮ್ಮ, ಇಲ್ಲದ ಒಡನಾಟ ಕಳೆದುಹೋಗೋದು ಹೇಗೆ ಅಂತ ಕೇಳಿದ. ಹಿಂದೆ ಕೂತವರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಮಾತು ಬಿಟ್ಟಿದ್ದು ನಿಜ ಸ್ವಾಮಿ ಅಂದೆ. ಬಟ್ಟೆ ಕತ್ತರಿಸಿ ಹೊಲಿಯೋರು ಅವರು, ಗುಂಡಿ ಹಾಕೋಳು ನಾನು, ಇಬ್ಬರಿಗೂ ಒಂದೇ ಮೇಜು. ಗುಂಡಿ ಎಲ್ಲಿ ಕೂರಬೇಕೋ ಅಲ್ಲಿ ಚಾಕ್‌ಪೀಸಿನ ಗುರುತು ಹಾಕಿ ನನ್ನ ಕಡೆ ತಳ್ಳೋರು. ಜಗಳವಾದ ಮರುದಿನ ಗುರುತು ಒತ್ತಿ ಬಿದ್ದಿರೋದು, ಸಿಟ್ಟು ಇಳಿದಾಗ ತೆಳ್ಳಗಿರೋದು. ನನ್ನ ಕಣ್ಣು ಮಂಜಾಗ್ತಿದೆ ಅಂತ ನಾನು ಯಾರಿಗೂ ಹೇಳಿರಲಿಲ್ಲ, ಇವರು ತಾವಾಗೇ ದೊಡ್ಡ ಗುರುತು ಹಾಕೋಕೆ ಶುರು ಮಾಡಿದ್ರು. ಈಗ ನರ ಹೋಗಿ ಅವರ ಬೆರಳಲ್ಲಿ ಚಾಕ್‌ಪೀಸು ನಿಲ್ಲೋದಿಲ್ಲ, ನಾನು ಕಳಕೊಂಡಿದ್ದು ಅದನ್ನ ಅಂದೆ. ಆಮೇಲೆ ಯಾರೂ ನಗಲಿಲ್ಲ.

ಇದನ್ನು ಓದಿ ಕರಗಬೇಡಿ. ನಿಮ್ಮ ಮುನಿಸು ನನಗೆ ಇಂದಿಗೂ ತಲೆನೋವೇ. ಕೈ ಕೆಟ್ಟ ಮೇಲೆ ಸಹಿಗೆ ಅವಸರ ಮಾಡುತ್ತಿರುವವರು ನೀವೇ. ಅವಳಿಗೆ ನಾನು ಹೊರೆ ಆಗಬಾರದು ಅಂತ ನಿಮ್ಮ ಅಕ್ಕನ ಹತ್ತಿರ ಅಂದಿರಂತೆ. ಹೊರೆಯೋ ಅಲ್ಲವೋ ಎಂದು ಹೊರುವವಳನ್ನು ಒಂದು ಮಾತು ಕೇಳಿದಿರಾ? ದಣಿದಿದ್ದೇನೆ ನಿಜ. ನಿಮ್ಮ ಮೇಲಿನ ಸಿಟ್ಟೂ ನನ್ನ ಜೊತೆಗೇ ದಣಿದುಹೋಗಿದೆ. ಮೇಜಿನ ನಿಮ್ಮ ಬದಿ ಖಾಲಿ ಕಾಣಬಾರದೆಂದು ಅಲ್ಲಿ ಬಟ್ಟೆ ಪೇರಿಸಿಟ್ಟಿದ್ದೇನೆ.

ಮಾತ್ರೆ ತಪ್ಪಿಸಬೇಡಿ.

ಇಂತಿ,
ತೀರ್ಪಿನವರೆಗಾದರೂ ನಿಮ್ಮ ಹೆಂಡತಿ

ತಾ.ಕ.: ತೀರ್ಪು ನಿನ್ನೆಯೇ ಬಂತು, ಈ ಕಾಗದ ಬರೆಯಲು ಕೂರುವ ಮೊದಲೇ ನನಗೆ ಗೊತ್ತಿತ್ತು. ನಿಮಗೆ ಹೇಳಲು ವಕೀಲರು ಫೋನ್ ಮಾಡಿ ಮಾಡಿ ಸೋತರಂತೆ. ತಪ್ಪು ಡಾಕ್ಟರದೇ ಎಂದಾಗಿದೆ, ನಿಮಗೆ ಪರಿಹಾರ ಸಿಗುತ್ತದೆ. ಒಡನಾಟಕ್ಕೆ ಪರಿಹಾರ ಕೇಳಿದ ನನ್ನ ಅರ್ಜಿ ವಜಾ ಆಯಿತು. ಇನ್ನು ಯಾವ ಕೇಸಿಗೂ ನಾನು ನಿಮ್ಮ ಹೆಂಡತಿಯಾಗಿರಬೇಕಾದ ಅಗತ್ಯವಿಲ್ಲ. ಆದರೂ ಸೋಮವಾರ ನಾನು ಸಹಿ ಹಾಕಲು ಬರುವುದಿಲ್ಲ.