ಕ್ಷೇತ್ರದ ಗಡಿ ದಾಟಿದ ಕೊಳವೆ

ಮಾನ್ಯ ಪರಿಸರ ಸಚಿವರೇ,

ಬಣ್ಣದ ಕಾರ್ಖಾನೆಯ ಹೊಲಸು ನೀರನ್ನು ನಮ್ಮ ಹಿತ್ತಲಿಗೆ ತಂದು ಸುರಿದವರು ತಾವು. ಅದಕ್ಕಾಗಿ ‘ಪರಿಸರ ರಕ್ಷಕ’ ಎಂದು ಹಾರ ಹಾಕಿಸಿಕೊಂಡವರೂ ತಾವೇ. ಎರಡನ್ನೂ ಒಂದೇ ಕೊಳವೆಯಿಂದ ಸಾಧಿಸುವುದು ಎಲ್ಲರ ಕೈಲಾಗುವ ಮಾತಲ್ಲ. ಮೊದಲು ಅಭಿನಂದನೆ ಸ್ವೀಕರಿಸಿ, ಜಗಳ ಆಮೇಲೆ.

ನಮ್ಮೂರನ್ನು ರೈಲು ಹಳಿ ಎರಡಾಗಿ ಸೀಳಿದೆ. ಪೂರ್ವಕ್ಕೆ ತಮ್ಮ ಮತಕ್ಷೇತ್ರ. ಅಲ್ಲಿ ಕಾರ್ಖಾನೆಯೂ ಇದೆ, ನನ್ನ ಅಕ್ಕನ ಮನೆಯೂ ಇದೆ. ಪಶ್ಚಿಮಕ್ಕೆ ಇನ್ನೊಬ್ಬರ ಕ್ಷೇತ್ರ. ಅಲ್ಲಿ ಹಳ್ಳದ ಪಕ್ಕ ನನ್ನ ಲಾಂಡ್ರಿ. ವರ್ಷಗಟ್ಟಲೆ ಕಾರ್ಖಾನೆ ತನ್ನ ನೀರನ್ನು ಅಕ್ಕನ ಬೀದಿಯ ಹಿಂದಿನ ಹೊಂಡಕ್ಕೆ ಬಿಡುತ್ತಿತ್ತು. ಮೂಗು ಮುಚ್ಚಿ ಸಾಕಾಗಿ, ಅಕ್ಕ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ತಮ್ಮ ಕಚೇರಿಯ ಮೆಟ್ಟಿಲು ಸವೆಸಿದಳು. ಚುನಾವಣೆ ಹತ್ತಿರ ಬಂದಂತೆ ತಮ್ಮ ಕಿವಿ ಚುರುಕಾಯಿತು. ಶುದ್ಧೀಕರಣ ಘಟಕ ಕಟ್ಟಿಸಿ ಎಂದರೆ ಕಾರ್ಖಾನೆಯ ಮಾಲೀಕರು ಮುನಿಯುತ್ತಾರೆ. ಮೇಲಾಗಿ ಅದು ಮುಗಿಯುವಷ್ಟರಲ್ಲಿ ಮತ ಎಣಿಕೆಯೂ ಮುಗಿದಿರುತ್ತದೆ. ಕೊಳವೆಗಾದರೆ ಅಂಥ ತಾಪತ್ರಯವಿಲ್ಲ. ಹಳಿಯ ಅಡಿಯಿಂದ ತೂರಿಸಿ ಪಶ್ಚಿಮದ ಹಳ್ಳಕ್ಕೆ ಬಿಟ್ಟರಾಯಿತು! ಹೊಂಡ ಮುಚ್ಚಿಸಿ ಉದ್ಯಾನ ಮಾಡಿಸಿದಿರಿ. ರಿಬ್ಬನ್ ಕತ್ತರಿಸಲು ಅಕ್ಕನನ್ನೇ ಕರೆದಿರಿ. ಆ ನೀರು ಎಲ್ಲಿಗೆ ಹೋಯಿತೆಂದು ಅಂದು ಯಾರೂ ಕೇಳಲಿಲ್ಲ.

ಉತ್ತರ ನನ್ನ ಬಾವಿಯಲ್ಲಿ ಬಂತು. ಆಸ್ಪತ್ರೆಯ ಬಿಳಿ ಹೊದಿಕೆಗಳು ಒಗೆದಷ್ಟೂ ಗುಲಾಬಿಯಾದವು. ಹಿರಿಯ ನರ್ಸ್ ಒಂದನ್ನು ಎತ್ತಿ ಹಿಡಿದು, “ಏನಣ್ಣಾ ಇದು, ರೋಗಿಗಳಿಗೆ ಮದುವೆ ಮಾಡಿಸ್ತಿದೀಯಾ?” ಎಂದರು. ಇಬ್ಬರೂ ನಕ್ಕೆವು. ಸ್ವಲ್ಪ ದಿನಕ್ಕೆ ಆಸ್ಪತ್ರೆಯ ಕೆಲಸ ಕೈತಪ್ಪಿತು. ನನ್ನ ಹೆಂಡತಿಯ ಅಂಗೈ ಚರ್ಮ ಸುಲಿದು, ತಲೆ ಬಾಚಿಸಿಕೊಳ್ಳಲು ಅವಳು ಮಗಳ ಮುಂದೆ ಕೂತ ದಿನ ನಗುವೂ ನಿಂತಿತು.

ತಮ್ಮ ಕಚೇರಿಗೆ ಬಂದೆ. ತಮ್ಮ ಆಪ್ತ ಕಾರ್ಯದರ್ಶಿ ಬಹಳ ಸಜ್ಜನರು; ಕುರ್ಚಿ ಕೊಟ್ಟೇ ಕೇಳಿದರು.

“ನಿಮ್ಮ ವೋಟು ಯಾವ ಕಡೆ?”

“ಹಳಿಯಿಂದ ಆ ಕಡೆ ಸಾರ್.”

“ಹಾಗಾದ್ರೆ ಆ ಕಡೆಯವರನ್ನ ಕೇಳ್ಬೇಕಪ್ಪ.”

“ಸಚಿವರು ಇಡೀ ನಾಡಿಗಲ್ವಾ ಸಾರ್?”

“ನಾಡಿಗೇ. ಗೆಲ್ಲೋದು ಮಾತ್ರ ಇಲ್ಲಿಂದ.”

ಪರಿಸರ ನೀತಿಯನ್ನು ಇಷ್ಟು ಸ್ಪಷ್ಟವಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ. ಯೋಚಿಸಿ ನೋಡಿದರೆ ತಮ್ಮ ಮೇಲೂ ಸಿಟ್ಟು ಬರುವುದಿಲ್ಲ. ಬೀದಿ ನಾರಿದರೆ ಕುರ್ಚಿ ಅಲುಗುತ್ತದೆ, ಪಕ್ಕದವರ ಹಳ್ಳ ಸತ್ತರೆ ಅಲುಗುವುದಿಲ್ಲ ಎಂದಮೇಲೆ ತಾವಾದರೂ ಏನು ಮಾಡುತ್ತೀರಿ? ಮೀನುಗಳಿಗೆ ಮತದಾನದ ಹಕ್ಕು ಕೊಡದಿದ್ದದ್ದು ನಮ್ಮ ತಪ್ಪಲ್ಲವೇ?

ಅಕ್ಕನಿಗೆ ಹೇಳಲು ಹಿಂಜರಿದಿದ್ದೆ. ಭಾವ ಅದೇ ಕಾರ್ಖಾನೆಯಲ್ಲಿ ಬಣ್ಣ ಕಲಸುವವರು. ಆದರೆ ನನ್ನ ಹೆಂಡತಿಯ ಕೈ ನೋಡಿದ ಅಕ್ಕ ಸುಮ್ಮನಿರಲಿಲ್ಲ. ಅವಳು ತಮ್ಮ ಸನ್ಮಾನ ಸಭೆಗೆ ಬಂದು ಮೈಕು ಕಿತ್ತುಕೊಂಡದ್ದು ತಮಗೆ ನೆನಪಿರಬೇಕು. “ಕೊಳಕು ತೆಗೀರಿ ಅಂದ್ವಿ. ನನ್ನ ತಮ್ಮನ ಮನೆಗೆ ಹಾಕಿ ಅಂದ್ವಾ?” ಎಂದಳು. ತಾವು ನಕ್ಕು ಕೈಗಡಿಯಾರ ನೋಡಿಕೊಂಡಿರಿ. ಮರುದಿನವೇ ಭಾವನನ್ನು ಬಾಯ್ಲರ್ ಕೋಣೆಗೆ ಹಾಕಿದರು.

“ಹೋಗ್ಲಿ ಬಿಡು, ಹೊಟ್ಟೆಯಾದ್ರೂ ಕರಗುತ್ತೆ,” ಎಂದರು ಭಾವ.

ಅಕ್ಕ ನಗಲಿಲ್ಲ. “ಲಾಂಡ್ರಿಗೆ ಬೀಗ ಹಾಕು. ಎಲ್ಲರನ್ನೂ ಕರ್ಕೊಂಡು ಇಲ್ಲಿಗೇ ಬಂದ್ಬಿಡು,” ಎಂದಳು ನನಗೆ.

ಬಂದಿದ್ದೇವೆ. ಅವಳ ಪಡಸಾಲೆಯಲ್ಲೀಗ ನಮ್ಮ ಸಂಸಾರ. ಗಂಡ ಹೆಂಡಿರ ಹೆಸರು ತಮ್ಮ ಕ್ಷೇತ್ರದ ಮತದಾರರ ಪಟ್ಟಿಗೂ ಸೇರಿದೆ. ಸೇರಿದ್ದೇ ತಡ, ತಮ್ಮ ಕಾರ್ಯಕರ್ತರು ಬಾಗಿಲಿಗೆ ಬಂದು, “ಏನಾದ್ರೂ ತೊಂದರೆ ಇದ್ರೆ ಹೇಳಿ ಅಣ್ಣಾ,” ಎಂದು ಕೈಮುಗಿದರು. ಎಂಥ ಮರ್ಯಾದೆ!

ಹೇಳುತ್ತಿದ್ದೇನೆ, ಕೇಳಿ. ಕಾರ್ಖಾನೆಯ ಅಂಗಳದಲ್ಲೇ ಶುದ್ಧೀಕರಣ ಘಟಕ ಕಟ್ಟಿಸಿ. ಅಲ್ಲಿಯವರೆಗೆ ಕೊಳವೆಯ ಬಾಯಿ ಮುಚ್ಚಿಸಿ. ಭಾವನಿಗೆ ಅವರ ಕೆಲಸ ಮರಳಿ ಕೊಡಿಸಿ. ಬೇಗ ಮಾಡಿ ಸ್ವಾಮಿ. ಹಳಿಯ ಪಶ್ಚಿಮಕ್ಕೆ ಉಳಿದವರಿಗೆಲ್ಲ ಪೂರ್ವದಲ್ಲಿ ಅಕ್ಕಂದಿರಿಲ್ಲ.

ಇಂತಿ,
ಒಗೆಯಲು ನೀರಿಲ್ಲದೆ ಮತ ಹಾಕಲು ಬಂದಿರುವ
ತಮ್ಮ ಹೊಸ ಮತದಾರ